ಕೆಮ್ಮಣ್ಣಿನ ಬಟ್ಟಲು ಕೊಟ್ಟವರಿಗೆ

ಕಳೆದ ಶನಿವಾರ ಮತ್ತು ಭಾನುವಾರ ಕೋಲಾರದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನನ್ನ 27 ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದೆವು. ಯಾವುದೂ ದೊಡ್ಡ ಚಿತ್ರವಲ್ಲ. ಹೆಚ್ಚಿನವು ಶಾಲಾ ನೋಟ್‌ಬುಕ್ಕಿನ ಹಾಳೆಗಿಂತ ಅಗಲವಿಲ್ಲ. ಭಾನುವಾರ ಸಂಜೆ ಬಂದವರೆಲ್ಲ ಕುರ್ಚಿಗಳಲ್ಲಿ ಕುಳಿತು ಎರಡು ಮಾತನಾಡಬೇಕೆಂದು ಕೇಳಿದಾಗ ನಾನು ಎದ್ದು ನಿಂತೆನಾದರೂ, ಗಂಟಲು ಕಟ್ಟಿ ಬಂದು, ಎಲ್ಲರಿಗೂ ನಮಸ್ಕಾರ ಎಂಬಷ್ಟನ್ನೇ ಹೇಳಿ ಕುಳಿತುಬಿಟ್ಟೆ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ವರ್ಷದ ಹಿಂದೆ ಮತ್ತೆ ಕುಂಚ ಹಿಡಿಯಬಲ್ಲೆನೆಂಬ ನಂಬಿಕೆ ನನಗಿರಲಿಲ್ಲ. ಕುಂಚ ಹಿಡಿಯುವ ಆಸೆ ಅದಕ್ಕೂ ಬಹಳ ಮೊದಲೇ ಬತ್ತಿಹೋಗಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಿಕೊಂಡಿರಲಿಲ್ಲ. ಆ ಕೈಯನ್ನೂ ಆ ಆಸೆಯನ್ನೂ ನನಗೆ ಮರಳಿ ಕೊಟ್ಟವರಿಗೆ ಈ ಬರಹ ಸಲ್ಲಬೇಕು.

ನಾನು ಚಿತ್ರಕಲೆಯನ್ನು ಶಾಸ್ತ್ರೀಯವಾಗಿ ಓದಿದವಳಲ್ಲ, ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ನನ್ನ 36ನೆಯ ವಯಸ್ಸಿನಲ್ಲಿ ಮಗಳನ್ನು ಭಾನುವಾರದ ಚಿತ್ರಕಲಾ ತರಗತಿಗೆ ಬಿಡಲು ಹೋಗಿ ಬಾಗಿಲ ಬಳಿ ನಿಂತು ನೋಡುತ್ತಿದ್ದಾಗ, ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಒಳಗೆ ಕರೆದು ಕೈಗೊಂದು ಕುಂಚ ಕೊಟ್ಟು ಕೂರಿಸಿದರು. ಮಗಳು ಎರಡು ವರ್ಷದಲ್ಲಿ ತರಗತಿ ಬಿಟ್ಟಳು. ನಾನು 19 ವರ್ಷವಾದರೂ ಬಿಟ್ಟಿಲ್ಲ. ಮೇಷ್ಟ್ರು ಆಗಾಗ ನಮ್ಮನ್ನು ಬೆಂಗಳೂರಿಗೆ ಕರೆದೊಯ್ದು ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯನ್ನೂ ಚಿತ್ರಕಲಾ ಪರಿಷತ್ತನ್ನೂ ತೋರಿಸುತ್ತಿದ್ದರು. ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬಿಡಿಸಿದ ಚಿತ್ರಗಳ ಮುಂದೆ ನಾನು ನಿಂತಷ್ಟು ಹೊತ್ತು ಯಾವ ದೇವಸ್ಥಾನದಲ್ಲೂ ನಿಂತವಳಲ್ಲ. ಜಲವರ್ಣವನ್ನೇ ನಾನು ಹಿಡಿದುಕೊಂಡದ್ದು ಆ ಚಿತ್ರಗಳ ಕಾರಣದಿಂದ.

ಹೀಗೆ ಶುರುವಾದದ್ದು ಬರಬರುತ್ತ ಒಂದೇ ಚಿತ್ರಕ್ಕೆ ಬಂದು ನಿಂತಿತು. ಕೋಲಾರದವರಿಗೆ ಅಂತರಗಂಗೆ ಬೆಟ್ಟವೆಂದರೆ ಮನೆಯ ಹಿತ್ತಲಿದ್ದಂತೆ. ಶತಶೃಂಗ ಸಾಲಿನ ಆ ಬಂಡೆಗಳನ್ನು, ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಆ ಕಲ್ಯಾಣಿಯನ್ನು ಇಷ್ಟಪಡದವರು ಯಾರಿದ್ದಾರೆ! ನಾನು ಬರೆದ ಅಂತರಗಂಗೆಯ ಚಿತ್ರವೊಂದನ್ನು ಸಹೋದ್ಯೋಗಿಯೊಬ್ಬರು ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಒಯ್ದರು, ಅದನ್ನು ಕಂಡ ಇನ್ನೊಬ್ಬರು ಅಂಥದ್ದೇ ಬೇಕೆಂದರು, ಆಮೇಲೆ ಮದುವೆಗಳಿಗೆ, ನಿವೃತ್ತಿ ಸಮಾರಂಭಗಳಿಗೆ ಕೇಳಿ ಪಡೆದವರೆಷ್ಟೋ ಮಂದಿ. ಬಂಡೆಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕಂದುಗೆಂಪು ಬೆರೆಸಿದರೆ ಬರುವ ಬೂದು, ಆಕಾಶಕ್ಕೆ ತೆಳುನೀಲಿ, ಬಲಗಡೆಗೊಂದು ಮರ: ಈ ಕ್ರಮದಲ್ಲಿ ನಲವತ್ತಕ್ಕೂ ಹೆಚ್ಚು ಸಲ ಅದೇ ಚಿತ್ರವನ್ನು ಬರೆದಿದ್ದೇನೆ. ಕೊನೆಕೊನೆಗೆ ಅದು ಸಂಜೆ ಹೊತ್ತು ನಗದು ಲೆಕ್ಕ ಮುಗಿಸಿದಂತೆಯೇ ಆಗುತ್ತಿತ್ತು: ಎಲ್ಲಿಯೂ ತಪ್ಪಿಲ್ಲ, ಎಲ್ಲಿಯೂ ಹೊಸದಿಲ್ಲ. ಚಿತ್ರ ಕೇಳಿ ಪಡೆದವರಲ್ಲಿ ಯಾರ ತಪ್ಪೂ ಇಲ್ಲ. ಅವರು ಪ್ರೀತಿಯಿಂದಲೇ ಕೇಳಿದರು. ಮುಂದೇನು ಬರುವುದೆಂದು ಮೊದಲೇ ಗೊತ್ತಿರುವ ಚಿತ್ರವನ್ನಷ್ಟೇ ಬರೆಯುವ ಭದ್ರತೆಗೆ ಅಂಟಿಕೊಂಡವಳು ನಾನು.

ಕಳೆದ ವರ್ಷ ಶ್ರಾವಣ ಮಾಸದ ಮೊದಲ ವಾರ ಮಳೆಯಲ್ಲಿ ನೆನೆದ ಮೆಟ್ಟಿಲ ಮೇಲೆ ಜಾರಿ, ಬಲಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್ ಹಾಕಿದ್ದರು. ಪ್ಲಾಸ್ಟರ್ ತೆಗೆದ ದಿನ ಕೈ ನನ್ನದಲ್ಲವೆಂಬಷ್ಟು ಸೊರಗಿ ಬಿಗಿದುಕೊಂಡಿತ್ತು. ಬೀಗಕ್ಕೆ ಹಾಕಿದ ಕೀಲಿಯನ್ನು ತಿರುಗಿಸಲು ಆಗುತ್ತಿರಲಿಲ್ಲ, ನೋಟು ಎಣಿಸಲು ಆಗುತ್ತಿರಲಿಲ್ಲ, ಎರಡನೆಯ ನಂಬರಿನ ಸಣ್ಣ ಕುಂಚವನ್ನು ಬೆರಳುಗಳ ನಡುವೆ ಹಿಡಿದರೆ ಅದು ನಡುಗಿ ಜಾರಿ ಬೀಳುತ್ತಿತ್ತು. ಆ ದಿನಗಳಲ್ಲಿ ನಾನು ರಾತ್ರಿ ಎದ್ದು ಕುಳಿತು ಅತ್ತದ್ದು ಮನೆಯವರಿಗೆ ಗೊತ್ತು. ಅವರಿಗೆ ಗೊತ್ತಿರದಿದ್ದ ಇನ್ನೊಂದನ್ನು ಇಂದು ಹೇಳಬೇಕು: ಇನ್ನು ಅಂತರಗಂಗೆಯ ಚಿತ್ರ ಬರೆಯಬೇಕಾಗಿಲ್ಲ ಎಂದು ಒಳಗೆಲ್ಲೋ ಒಂದು ನೆಮ್ಮದಿಯೂ ಇತ್ತು, ಆ ನೆಮ್ಮದಿಯೇ ನನ್ನನ್ನು ನೋವಿಗಿಂತ ಹೆಚ್ಚಾಗಿ ಹೆದರಿಸಿತ್ತು.

ಮೊದಲ ಕೃತಜ್ಞತೆ ನಮ್ಮ ಎದುರು ಮನೆಯ ಅಜ್ಜಿಗೆ. ಮಹಾಲಯ ಅಮಾವಾಸ್ಯೆಗೆ ಮುಂಚೆ ಮನೆ ಸಾರಿಸಿ, ಹೊಸಿಲಿಗೂ ತುಳಸಿಕಟ್ಟೆಗೂ ಕೆಮ್ಮಣ್ಣು ಬಳಿದು, ಅದು ಆರಿದ ಮೇಲೆ ಬಿಳಿಯ ರಂಗೋಲಿಯ ಗೆರೆ ಎಳೆಯುವುದನ್ನು ಅವರು ಇಂದಿಗೂ ಬಿಟ್ಟಿಲ್ಲ. ಅಂದು ನಾನು ಕೈಗೆ ಪಟ್ಟಿ ಸುತ್ತಿಕೊಂಡು ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದೆ. ಅಜ್ಜಿ ಹಿತ್ತಾಳೆಯ ಬಟ್ಟಲಿನಲ್ಲಿ ಕೆಮ್ಮಣ್ಣು ಕಲಸುತ್ತಾ, "ಬಣ್ಣ ಬಣ್ಣ ಅಂತ ಬೆಂಗಳೂರಿಂದ ತರಿಸ್ತಿದ್ದೆಯಲ್ಲಮ್ಮಾ, ಇದೂ ಬಣ್ಣಾನೇ ಅಲ್ವಾ, ಆ ಕೈಯಲ್ಲಿ ಆಗ್ದಿದ್ರೆ ಈ ಕೈಯಲ್ಲಿ ಬಳಿ" ಎಂದು ಬಟ್ಟಲನ್ನು ನನ್ನ ಎಡಗೈಯ ಬಳಿಗೆ ಸರಿಸಿದರು. ನಾನು ಒಳಗಿನಿಂದ ಒಂದು ಹಾಳೆ ತಂದು, ಎಡಗೈಯ ಬೆರಳಿನಿಂದ ಆ ಕೆಮ್ಮಣ್ಣಿನಲ್ಲೇ ಅವರ ಹೊಸಿಲನ್ನು ಬರೆದೆ. ಗೆರೆಗಳು ಓರೆಕೋರೆಯಾಗಿದ್ದವು, ಆದರೆ ಹಾಳೆಯ ಉಬ್ಬುತಗ್ಗುಗಳಲ್ಲಿ ಮಣ್ಣಿನ ಕಣ ಕೂತ ಬಗೆಯನ್ನು ನಾನು 19 ವರ್ಷಗಳಲ್ಲಿ ನೋಡಿರಲಿಲ್ಲ. ಸಂಜೆಗೆ ಹಾಳೆ ಆರಿತು. ಬೆರಳಾಡಿಸಿದರೆ ಬಣ್ಣವೆಲ್ಲ ಪುಡಿಪುಡಿಯಾಗಿ ಉದುರಿತು. ಯಾಕೆ ಉದುರಿತು, ಏನು ಸೇರಿಸಿದರೆ ನಿಲ್ಲುತ್ತದೆ ಎಂಬ ಯೋಚನೆಯಲ್ಲೇ ಆ ರಾತ್ರಿ ಕಳೆಯಿತು. ಎಷ್ಟೋ ದಿನಗಳ ನಂತರ ಅಳದೆ ಮಲಗಿದ ರಾತ್ರಿ ಅದು.

ಪ್ರಯೋಗವೆಂದರೆ ಏನೆಂದು ನನಗೆ ತಿಳಿದದ್ದು ಆಮೇಲೆ. ಮೊದಲು ರಾಗಿ ಗಂಜಿ ಬೆರೆಸಿದೆ. ಮೂರನೆಯ ದಿನಕ್ಕೆ ಹುಳಿವಾಸನೆ ಬಂದು ಬೂಷ್ಟು ಹಿಡಿಯಿತು. ಗ್ರಂಧಿಗೆ ಅಂಗಡಿಯಿಂದ ಗೋಂದು ತಂದು ನೀರಿನಲ್ಲಿ ನೆನೆಸಿದೆ. ಬೆಳಗಾಗುವುದರೊಳಗೆ ಅದು ಕರಗುವ ಬದಲು ಬಟ್ಟಲು ತುಂಬ ಲೋಳೆಯಂತೆ ಉಬ್ಬಿ ನಿಂತಿತ್ತು. ಅಂಗಡಿಯ ಯಜಮಾನರಿಗೆ ತೋರಿಸಿದಾಗ ಅವರು, ಇದು ತಂಪಿಗೆಂದು ಪಾನಕಕ್ಕೆ ಹಾಕುವ ಬಾದಾಮಿ ಗೋಂದು, ಇದು ನೀರು ಕುಡಿದು ಉಬ್ಬುವುದೇ ಹೊರತು ಕರಗುವುದಿಲ್ಲ, ನಿಮಗೆ ಬೇಕಾದ್ದು ಜಾಲಿ ಜಾತಿಯ ಮರದ ಅಂಟು ಎಂದು ವಿವರಿಸಿ, ಒಳಗಿನ ಡಬ್ಬಿಯಿಂದ ಹಳದಿ ಕಲ್ಲುಸಕ್ಕರೆಯಂಥ ಹರಳುಗಳನ್ನು ಆರಿಸಿ ಕೊಟ್ಟರು. ಅದು ಬಾಣಂತಿಯರ ಉಂಡೆಗೆ ಹಾಕುವ ಅಂಟು. ಪೇಟೆಯಲ್ಲಿ ಸಿಗುವ ಜಲವರ್ಣದ ಟ್ಯೂಬುಗಳಲ್ಲಿಯೂ ಬಣ್ಣವನ್ನು ಕಾಗದಕ್ಕೆ ಹಿಡಿಸುವುದು ಇಂಥ ಜಾಲಿ ಜಾತಿಯ ಅಂಟೇ. ಒಂದು ಪಾಲು ಅಂಟಿಗೆ ಎರಡು ಪಾಲು ಬಿಸಿನೀರು ಹಾಕಿ ರಾತ್ರಿಯಿಡೀ ಬಿಟ್ಟು, ಬಿಳಿ ಬಟ್ಟೆಯಲ್ಲಿ ಸೋಸಿ, ಒಣಗಿದ ಮೇಲೆ ಬಿರಿಯದಿರಲೆಂದು ಸ್ವಲ್ಪ ಜೇನುತುಪ್ಪ, ಬೂಷ್ಟು ಬಾರದಿರಲೆಂದು ಒಂದು ಹನಿ ಲವಂಗದ ಎಣ್ಣೆ ಸೇರಿಸಿದಾಗ ಬಣ್ಣ ನಿಂತಿತು. ಆ ಯಜಮಾನರು ಅಂದಿನಿಂದ ಇಂದಿನವರೆಗೆ ಅಂಟಿಗೆ ನನ್ನಿಂದ ಹಣ ತೆಗೆದುಕೊಂಡಿಲ್ಲ. ಅವರ ಋಣ ದೊಡ್ಡದು.

ನಿಂತ ಬಣ್ಣದಲ್ಲಿ ಮರಳಿನ ಕಣಗಳು ಉಳಿದು ಕುಂಚ ಸವೆಯುತ್ತಿತ್ತು. ಮುಳಬಾಗಿಲಿನ ಕಡೆಯಿಂದ ಸಂತೆಗೆ ಮಡಕೆ ತರುವ ಕುಂಬಾರರೊಬ್ಬರು ಅದಕ್ಕೆ ದಾರಿ ಹೇಳಿದರು. ಮಣ್ಣನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಟ್ಟರೆ ಬೆಣ್ಣೆಯಂಥ ನುಣುಪು ಮಣ್ಣು ಕೆಳಗೆ ಕೂರುತ್ತದೆ. "ಕಲಕೋಕೆ ಹೋಗ್ಬೇಡಿ ಅಕ್ಕಾ, ಅದ್ರ ಪಾಡಿಗೆ ಬಿಡಿ" ಎಂದು ಅವರು ಹೇಳಿದ್ದನ್ನು ನನ್ನ ಪುಸ್ತಕದಲ್ಲಿ ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. ಹಳೆಯ ನಗದು ಪುಸ್ತಕವೊಂದರ ಖಾಲಿ ಪುಟಗಳಲ್ಲಿ ಖಾನೆ ಎಳೆದು ಮಣ್ಣು ಎಲ್ಲಿಯದು, ಎಷ್ಟು ಅಂಟು, ಒಣಗಿದ ಮೇಲೆ ಏನಾಯಿತು ಎಂದು ದಾಖಲಿಸುವುದು ಆಗ ಶುರುವಾಯಿತು. ಈಗ ಅದರಲ್ಲಿ 63 ಮಣ್ಣುಗಳಿವೆ.

ಇಲ್ಲಿ ನನ್ನ ಫಿಸಿಯೋಥೆರಪಿಸ್ಟ್ ಅವರನ್ನು ನೆನೆಯಬೇಕು. ರಬ್ಬರ್ ಚೆಂಡು ಹಿಸುಕುವ ವ್ಯಾಯಾಮದಲ್ಲಿ ನನಗೆ ಮನಸ್ಸೇ ನಿಲ್ಲುತ್ತಿರಲಿಲ್ಲ. ಬಣ್ಣವನ್ನು ಅಂಟಿನೊಂದಿಗೆ ಗಾಜಿನ ಮೇಲೆ ಸುತ್ತುಸುತ್ತಾಗಿ ಅರೆಯಬೇಕೆಂದು ತಿಳಿದಾಗ, ಬಲಗೈಯಲ್ಲಿ ಅರೆಯಬಹುದೇ ಎಂದು ಅವರನ್ನು ಹೆದರುತ್ತಲೇ ಕೇಳಿದೆ. ಅವರು ನನ್ನ ಸಲಕರಣೆಯನ್ನು ತರಿಸಿ ನೋಡಿ, ಮೊದಲ ವಾರ ದಿನಕ್ಕೆ ಐದು ನಿಮಿಷ, ನೋವಾದರೆ ನಿಲ್ಲಿಸಬೇಕು ಎಂದು ಲೆಕ್ಕ ಹಾಕಿಕೊಟ್ಟು, ವಾರವಾರವೂ ಅದನ್ನು ಹೆಚ್ಚಿಸುತ್ತ ಬಂದರು. ಅರೆಯುವ ಗುಂಡಾಗಿ ಒದಗಿದ್ದು ಬ್ಯಾಂಕಿನ ನನ್ನ ಮೇಜಿನ ಮೇಲೆ ಇಪ್ಪತ್ತು ವರ್ಷ ಇದ್ದ, ತಳ ಚಪ್ಪಟೆಯಾದ ಗಾಜಿನ ಪೇಪರ್‌ವೇಟ್. ಅರೆಯುವ ಹಲಗೆಯಾಗಿ ದಪ್ಪ ಗಾಜಿನ ತುಂಡನ್ನು ಅಂಚು ಉಜ್ಜಿ ಕೊಟ್ಟವರು ಫ್ರೇಮ್ ಅಂಗಡಿಯ ತಮ್ಮ. ಡಿಸೆಂಬರ್ ಹೊತ್ತಿಗೆ ನಾನು ಒಂದೇ ಬಾರಿಗೆ ಅರ್ಧ ಗಂಟೆ ಅರೆಯುತ್ತಿದ್ದೆ. ಕೀಲಿ ತಿರುಗಿತು, ನೋಟು ಎಣಿಸಲು ಬಂತು. ಕೈ ಗುಣವಾಗಲೆಂದು ಅರೆದೆನೋ ಬಣ್ಣಕ್ಕಾಗಿ ಅರೆದೆನೋ ಎಂದು ಕೇಳಿದರೆ, ಬಣ್ಣಕ್ಕಾಗಿಯೇ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ನನ್ನನ್ನು ಅತ್ಯಂತ ಬೆರಗುಗೊಳಿಸಿದ ಪ್ರಯೋಗ ಒಲೆಯ ಮೇಲೆ ನಡೆದದ್ದು. ನಮ್ಮ ಬೀದಿಯಲ್ಲಿ ಮನೆ ಕಟ್ಟಲು ಪಾಯ ತೋಡಿದಾಗ ಆಳದಲ್ಲಿ ಹಳದಿ ಮಣ್ಣು ಸಿಕ್ಕಿತು. ಅದನ್ನು ತಿಳಿಗೊಳಿಸಿ ಒಣಗಿಸಿ, ಹಳೆಯ ಕಬ್ಬಿಣದ ಕಾವಲಿಯ ಮೇಲೆ ಹುರಿದೆ. ಮೊದಲು ಕಿತ್ತಳೆ, ಆಮೇಲೆ ಇಟ್ಟಿಗೆಯ ಕೆಂಪು, ಕೊನೆಗೆ ಕಂದುಗೆಂಪು. ನೆರೆಮನೆಯ ವಿಜ್ಞಾನ ಶಿಕ್ಷಕಿ ಬಿಡಿಸಿ ಹೇಳಿದ ಪ್ರಕಾರ, ಹಳದಿ ಮಣ್ಣಿಗೆ ಆ ಬಣ್ಣ ಕೊಡುವ ಗೋಥೈಟ್ ಎಂಬ ಕಬ್ಬಿಣದ ಖನಿಜದೊಳಗೆ ನೀರಿನ ಅಂಶವಿರುತ್ತದೆ. ಕಾಯಿಸಿದಾಗ ಅದು ಹೊರಟುಹೋಗಿ ಹೆಮಟೈಟ್ ಉಳಿಯುತ್ತದೆ, ಅದು ಕೆಂಪು. ಇನ್ನೊಂದು ಸಂಗತಿಯನ್ನೂ ಅಂದೇ ತಿಳಿದುಕೊಂಡೆ. ಸಿಯೆನಾ ಎಂಬುದು ಇಟಲಿಯ ಒಂದು ಊರು. ಆ ಸೀಮೆಯ ಮಣ್ಣನ್ನು ಹೀಗೆಯೇ ಸುಟ್ಟು ಮಾಡಿದ ಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಹೆಸರು ಬಂತು. ನಲವತ್ತು ಸಲ ಅಂತರಗಂಗೆಯ ಬಂಡೆಗಳಿಗೆ ನಾನು ಬಳಿದದ್ದು ಇನ್ನೊಂದು ದೇಶದ ಊರಿನ ಹೆಸರು ಹೊತ್ತ ಬಣ್ಣವನ್ನು! ನನ್ನ ಕಾವಲಿಯ ಮೇಲಿದ್ದದ್ದು ಕೋಲಾರದ್ದು. ಒಲೆ ಆರಿಸಿ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡಾಗ ಆದ ಸಂತೋಷವನ್ನು ಯಾವ ಮಾತಿನಲ್ಲಿ ಹೇಳಲಿ? ನಮ್ಮ ಯಜಮಾನರನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದೆ. ಅವರು ಎದ್ದು ಕುಳಿತು ಕನ್ನಡಕ ಹಾಕಿಕೊಂಡು ಪೂರಾ ಕೇಳಿಸಿಕೊಂಡರು.

ಉಳಿಯದ ಬಣ್ಣಗಳೂ ಬಹಳ ಕಲಿಸಿದವು. ಆರತಿಯ ಓಕುಳಿ ನೀರಿನಂತೆ ಅರಿಶಿನಕ್ಕೆ ಸುಣ್ಣ ಬೆರೆಸಿ ಸೊಗಸಾದ ಕೆಂಪು ಮಾಡಿ ಅದರಲ್ಲೊಂದು ಮುತ್ತುಗದ ಮರ ಬರೆದೆ, ಹೂವೆಲ್ಲ ಉರಿಯುವಂತಿತ್ತು. ಮೇಷ್ಟ್ರು, ಬಿಸಿಲಿಗಿಟ್ಟು ನೋಡದೆ ಯಾವ ಬಣ್ಣವನ್ನೂ ನಂಬಬಾರದೆಂದು ಹೇಳಿ, ಪ್ರತಿಯೊಂದು ಬಣ್ಣದ ಪಟ್ಟಿಯ ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಕಿಟಕಿಗೆ ಕಟ್ಟಿಸಿದರು. ಅರಿಶಿನ ವಾರದೊಳಗೆ ಮಾಸಿತು, ಬೀಟ್‌ರೂಟ್ ಕಂದಿತು. ನಲವತ್ತು ದಿನಗಳಾದ ಮೇಲೆ ರಟ್ಟು ತೆಗೆದಾಗ ಮಣ್ಣಿನ ಪಟ್ಟಿಗಳಲ್ಲಿ ಮುಚ್ಚಿದ ಭಾಗ ಯಾವುದು, ತೆರೆದ ಭಾಗ ಯಾವುದು ಎಂದು ಗುರುತಿಸಲು ಆಗಲಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಗೈತಿಹಾಸಿಕ ಕಾಲದ ಜನ ಕೆಂಪು ಕಾವಿಯಲ್ಲಿ ಬರೆದ ಚಿತ್ರಗಳು ಇಂದಿಗೂ ಕಾಣುವುದು ಇದೇ ಕಬ್ಬಿಣದ ಬಣ್ಣದ ಗಟ್ಟಿತನದಿಂದ. ಮುತ್ತುಗದ ಮರ ಈಗ ಮಸುಕು ಕಂದಾಗಿದೆ. ಅದನ್ನೂ ಪ್ರದರ್ಶನದಲ್ಲಿಟ್ಟಿದ್ದೆ, ಏಕೆಂದರೆ ಅದು ಸೋತ ಚಿತ್ರವೆಂದು ನನಗೆ ಅನ್ನಿಸುವುದಿಲ್ಲ. ಅದನ್ನು ಬರೆದ ಮಧ್ಯಾಹ್ನ ನಾನು ಎಷ್ಟು ಗೆಲುವಾಗಿದ್ದೆನೆಂದು ನನಗೆ ನೆನಪಿದೆ.

ಬಿಳಿಗೆ ಹಳ್ಳಿಯ ಸಂಬಂಧಿಕರು ಗೋಡೆಗೆ ಬಳಿಯುವ ಸುದ್ದೆ ಮಣ್ಣು ಕಳುಹಿಸಿದರು. ಬೂದು ಬಣ್ಣಕ್ಕೆ ಕೆರೆಯ ಗೋಡು ಬಂತು. ಕಪ್ಪಿಗೆ ತೆಂಗಿನ ಚಿಪ್ಪು ಸುಟ್ಟ ಇದ್ದಿಲು ಸಾಕಾಯಿತು. ನೀಲಿ ಮಾತ್ರ ನಮ್ಮ ಯಾವ ಮಣ್ಣಿನಲ್ಲೂ ಸಿಗಲಿಲ್ಲ, ಆದ್ದರಿಂದ ನನ್ನ ಚಿತ್ರಗಳಿಂದ ನೀಲಿ ಹೊರಟೇಹೋಯಿತು. ನೀಲಿಯಿಲ್ಲದೆ ಆಕಾಶ ಹೇಗೆ ಬರೆಯುವುದೆಂಬ ಪ್ರಶ್ನೆ ಒಂದು ತಿಂಗಳು ಕಾಡಿತು. ಕೊನೆಗೆ ಇದ್ದಿಲನ್ನು ಬಹಳ ತೆಳುವಾಗಿ ಕದಡಿ ಹಳದಿ ಮಣ್ಣಿನ ಪಕ್ಕದಲ್ಲಿ ಹರಿಯಬಿಟ್ಟಾಗ, ಹಳದಿಯ ನೆರೆಯಲ್ಲಿ ಆ ಬೂದು ತಾನಾಗಿ ನೀಲಿಯಂತೆ ಕಂಡಿತು. ಪ್ರದರ್ಶನದಲ್ಲಿ ಎಷ್ಟೋ ಜನ ಆ ಆಕಾಶಕ್ಕೆ ಯಾವ ನೀಲಿ ಬಳಸಿದಿರಿ ಎಂದು ಕೇಳಿದರು. ಅದರಲ್ಲಿ ನೀಲಿ ಇಲ್ಲವೆಂದಾಗ ಹುಡುಗಿಯೊಬ್ಬಳು ಹತ್ತಿರ ಹೋಗಿ ದೂರ ಬಂದು ಮೂರು ಸಲ ನೋಡಿದಳು.

ಕೆಜಿಎಫ್‌ನಲ್ಲಿರುವ ನನ್ನ ಗೆಳತಿಗೆ ವಿಶೇಷವಾಗಿ ಋಣಿಯಾಗಿದ್ದೇನೆ. ಅಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದಿರನ್ನು ಪುಡಿ ಮಾಡಿ ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣು ಇಂದಿಗೂ ಬೋಳುಗುಡ್ಡಗಳಾಗಿ ನಿಂತಿದೆ. ಸಂಜೆಯ ಬೆಳಕಿನಲ್ಲಿ ಅವುಗಳ ತಿಳಿಬೂದು ಬಣ್ಣ ಕಂಡು ಆಸೆಯಾಗಿ ಒಂದು ಚೀಲ ತುಂಬಿಕೊಳ್ಳಲು ಬಾಗಿದವಳನ್ನು ಆಕೆ ತೋಳು ಹಿಡಿದು ನಿಲ್ಲಿಸಿ, ಆ ಧೂಳನ್ನು ಉಸಿರಾಡಿ ಬದುಕಿದ ತನ್ನ ಬೀದಿಯ ಜನರ ಕಥೆ ಹೇಳಿದಳು. ಗಣಿಯಲ್ಲಿ ದುಡಿದ ಅವಳ ತಂದೆಯವರ ಮಾತೂ ಬಂತು. ಆ ಗುಡ್ಡಗಳನ್ನು ಅಂದು ಅಲ್ಲಿಯೇ ಕುಳಿತು ಸುದ್ದೆ ಮಣ್ಣು ಮತ್ತು ಕೆರೆಯ ಗೋಡಿನಿಂದ ಬರೆದೆ. ಪ್ರದರ್ಶನದ 14ನೆಯ ಚಿತ್ರ ಅದು. ಅದು ಮಾರಾಟಕ್ಕಿಲ್ಲ, ಅವಳ ಮನೆಗೆ ಹೋಗಲಿದೆ.

ಬಲಗೈ ಸರಿಹೋದ ಮೇಲೂ ಮೊದಲ ಗೆರೆಗಳನ್ನು ಎಡಗೈಯಲ್ಲೇ ಎಳೆಯುತ್ತೇನೆ. ಬಲಗೈಗೆ ಅಂತರಗಂಗೆ ಬಾಯಿಪಾಠವಾಗಿದೆ; ಎಡಗೈ ಇನ್ನೂ ಬಂಡೆಯನ್ನು ನೋಡಿಯೇ ಗೆರೆ ಎಳೆಯಬೇಕು. ಈ ವರ್ಷ ಬೇಸಿಗೆಯಲ್ಲಿ ಅಂತರಗಂಗೆಯ ಎದುರು ಮತ್ತೆ ಕುಳಿತೆ. ಬಲಗಡೆ ನಾನು ಪ್ರತಿಸಲ ಬರೆಯುತ್ತಿದ್ದ ಆ ಮರ ಅಲ್ಲಿ ಇಲ್ಲವೇ ಇಲ್ಲ. ಯಾವಾಗಲೋ ಒಂದು ಚಿತ್ರದಲ್ಲಿ ಅಂದಕ್ಕೆಂದು ಸೇರಿಸಿ, ಅದನ್ನೇ ನಿಜವೆಂದು ನಂಬಿ ಮುಂದುವರಿಸಿದ್ದೆ. ಮರವಿಲ್ಲದ ಆ ಹೊಸ ಚಿತ್ರದ ಮುಂದೆ ಮೇಷ್ಟ್ರು ಭಾನುವಾರ ಬಹಳ ಹೊತ್ತು ನಿಂತು, "ಇದು ನೀನು ಬರೆದದ್ದು" ಎಂದಷ್ಟೇ ಹೇಳಿದರು. 78 ವರ್ಷದ ಅವರು ಮೊಣಕಾಲು ನೋವಿನಲ್ಲೂ ಎರಡು ದಿನವೂ ಬಂದರು. ಮೇಷ್ಟ್ರೇ, ನಿಮಗೆ ನನ್ನ ನಮಸ್ಕಾರಗಳು.

ನನ್ನ ಕೌಂಟರಿನ ಕೆಲಸವನ್ನು ನಾಲ್ಕು ತಿಂಗಳು ಹಂಚಿಕೊಂಡು ಮಾಡಿದ ಸಹೋದ್ಯೋಗಿಗಳಿಗೆ, ಒಗ್ಗರಣೆಯ ಕಾವಲಿ ಬಣ್ಣದ ಕಾವಲಿಯಾದರೂ ಒಂದು ಮಾತು ಆಡದ ಅತ್ತೆಯವರಿಗೆ, ಬೆಂಗಳೂರಿನಿಂದ ರಜೆ ಹಾಕಿ ಬಂದು ಚಿತ್ರಗಳಿಗೆ ಚೀಟಿ ಬರೆದ ಮಗಳಿಗೆ ನಾನು ಚಿರಋಣಿ. ಹಳೆಯ ಅಂತರಗಂಗೆಯ ಚಿತ್ರವನ್ನು ಕೇಳಿ ನನ್ನಿಂದ ಇಲ್ಲವೆನ್ನಿಸಿಕೊಂಡ ಐದಾರು ಮಂದಿ ಬೇಸರ ಮಾಡಿಕೊಳ್ಳದೆ ಪ್ರದರ್ಶನಕ್ಕೆ ಬಂದರು. ಅವರಿಗೊಂದು ಮಾತು ಕೊಡುತ್ತೇನೆ: ನಿಮ್ಮ ಹೊಲದ, ಹಿತ್ತಲಿನ ಒಂದು ಬೊಗಸೆ ಮಣ್ಣನ್ನು ಯಾವುದಾದರೂ ಭಾನುವಾರ ತನ್ನಿ. ಅರೆದು ಬಣ್ಣ ಮಾಡಿ, ಅದರಲ್ಲೇ ನಿಮಗೊಂದು ಚಿತ್ರ ಬರೆದುಕೊಡುತ್ತೇನೆ. ಅದು ಹೇಗೆ ಬರುವುದೆಂದು ಮಾತ್ರ ಈಗಲೇ ಹೇಳಲಾರೆ.

ಅಜ್ಜಿಯ ಹಿತ್ತಾಳೆ ಬಟ್ಟಲು ಒಂದು ವರ್ಷದಿಂದ ನನ್ನ ಬಳಿಯೇ ಇದೆ. ಅವರು ಒಮ್ಮೆಯೂ ಕೇಳಲಿಲ್ಲ. ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿದೆ. ಅದಕ್ಕೆ ಮುಂಚೆ ಕುಂಬಾರರು ಹೇಳಿಕೊಟ್ಟಂತೆ ತಿಳಿಗೊಳಿಸಿದ ನುಣುಪಾದ ಕೆಮ್ಮಣ್ಣನ್ನು ಅದರ ತುಂಬ ತುಂಬಿಸಿ, ಅವರ ಹೊಸಿಲಿನ ಚಿತ್ರದೊಂದಿಗೆ ಎದುರು ಮನೆಗೆ ಒಯ್ದು ಕೊಡಲಿದ್ದೇನೆ.